ಗಡ್ಡೆಕಟ್ಟಿದ ಜಿಂಜರ್ ಬಿಯರ್: ಬಾಟಲಿ ಮೊದಲು, ಬಿಯರ್ ಆಮೇಲೆ

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಬೇಸಿಗೆ ರಜೆಗೆ ಅಂತ ಮನೆಯಲ್ಲೇ 6 ಲೀಟರ್ ಜಿಂಜರ್ ಬಿಯರ್ ಮಾಡಿದ್ದೆ. ಹಸಿಶುಂಠಿ, ಲೀಟರಿಗೆ 100 ಗ್ರಾಂ ಬೆಲ್ಲ, ಲಿಂಬೆರಸ, ಬ್ರೆಡ್ಡಿಗೆ ಹಾಕುವ ಒಣ ಯೀಸ್ಟ್ ಒಂದು ಚಿಟಿಕೆ. ಒಂದು ದಿನ ಪಾತ್ರೆಯಲ್ಲಿಟ್ಟು, ಬಾಟಲಿಗೆ ತುಂಬಿ ಇನ್ನೊಂದು ದಿನ ಹೊರಗೆ ಬಿಟ್ಟು, ಗ್ಯಾಸ್ ಹಿಡಿದ ಮೇಲೆ ಫ್ರಿಜ್ಜಿಗೆ ಹಾಕಿದೆ. ಕ್ಲಿಪ್ ಮುಚ್ಚಳದ ಮೂರು ಗಾಜಿನ ಬಾಟಲಿ ಫ್ರೀಜರ್ ಕೆಳಗಿನ ಟ್ರೇಯಲ್ಲಿ, ಮೂರು ಕೂಲ್‌ಡ್ರಿಂಕ್ ಬಾಟಲಿ ನಡುವಿನ ಹಲಗೆಯಲ್ಲಿ, ಇನ್ನೆರಡು ಬಾಗಿಲಲ್ಲಿ. ಸಿಂಗಲ್ ಡೋರ್ ಫ್ರಿಜ್. ಬಿಸಿಲು ಜಾಸ್ತಿ ಅಂತ ನಾಬ್ ಪೂರ್ತಿ 7ಕ್ಕೆ ತಿರುವಿದ್ದೆವು. ತರಕಾರಿ ಎಲ್ಲ ಖಾಲಿ ಮಾಡಿ ಎರಡು ದಿನ ಊರಿಗೆ ಹೋಗಿದ್ದೆವು. ಬಂದು ನೋಡಿದರೆ ಗಾಜಿನ ಬಾಟಲಿಗಳು ಕಲ್ಲಿನ ಹಾಗೆ ಗಡ್ಡೆ. ಒಂದರ ಬುಡದಲ್ಲಿ ಬಿರುಕು ಕಾಣುತ್ತದೆ. ನಡುವಿನ ಬಾಟಲಿಗಳಲ್ಲಿ ಅರ್ಧಂಬರ್ಧ ಐಸ್. ಬಾಗಿಲಿನವು ಹಾಗೇ ಇವೆ. ಅತ್ತೆ 'ಎಲ್ಲಾ ಚೆಲ್ಲಿಬಿಡು, ಯಾಕ ಬೇಕು' ಅಂತಾರೆ. ಮೈದುನ 'ಐಸ್ ಆದ್ರ ಕಿಕ್ ಡಬಲ್ ಆಗ್ತದ ವೈನಿ' ಅಂತ ನಗ್ತಾನೆ. ಇದನ್ನು ಕುಡಿಯಬಹುದೇ? ಮಕ್ಕಳಿಗೆ ಕೊಡಬಹುದೇ? ಹೋದ ಗ್ಯಾಸ್ ಮತ್ತೆ ಬರುತ್ತದೆಯೇ?

ಉತ್ತರ: ತಂಗಿ, ಇದನ್ನು ಓದುವಾಗ ಆ ಗಾಜಿನ ಬಾಟಲಿಗಳು ಇನ್ನೂ ಫ್ರಿಜ್ಜಿನಲ್ಲೇ ಇದ್ದರೆ ಅಲ್ಲೇ ಇರಲಿ. ನಾಬನ್ನು ಮಾತ್ರ 1ಕ್ಕೆ ಇಳಿಸಿ ಬಾಗಿಲು ಹಾಕಿ. ಈಗಾಗಲೇ ಅಡುಗೆ ಕಟ್ಟೆಯ ಮೇಲೆ ತಂದಿಟ್ಟಿದ್ದರೆ ಬೇರೆ ಕೆಲಸ ಬಿಟ್ಟು ಒಂದು ದಪ್ಪ ಟವೆಲ್ ತನ್ನಿ. ಬಾಟಲಿಯ ಮೇಲೆ ಹೊದಿಸಿ, ಟವೆಲ್ ಸಮೇತ ಎರಡೂ ಕೈಯಲ್ಲಿ ಬುಡ ಹಿಡಿದು ಬಕೆಟ್ಟಿಗೆ ಇಳಿಸಿ. ಬಕೆಟ್ ಸಮೇತ ಫ್ರಿಜ್ಜಿಗೆ ಇಡಿ. ಬಕೆಟ್ ಹಿಡಿಸದಿದ್ದರೆ ಕುಕ್ಕರ್ ನಡೆಯುತ್ತದೆ. ಮಕ್ಕಳು ಅಡುಗೆಮನೆಗೆ ಬರುವುದು ಬೇಡ.

ನೀವು ಕೇಳಿದ್ದು ಬಿಯರ್ ಕೆಟ್ಟಿತೇ ಅಂತ. ನನಗೆ ಚಿಂತೆ ಬಾಟಲಿಯದು.

ಯಾಕೆ ಅಂತ ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ ಬೀದರಿನ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಆಗ ನಾನು ತಂಪು ಪಾನೀಯ ತುಂಬುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಬಾಟಲಿ ವಿಷಯ ನನಗೆ ಗೊತ್ತಿಲ್ಲದ್ದೇನು ಅನ್ನುವ ಜಂಬ ಬೇರೆ. ಗಡ್ಡೆಯಾದ ಗಾಜಿನ ಬಾಟಲಿಯನ್ನು ಹೊರಗೆ ತೆಗೆದು, ತಿರುಗಿಸಿ ಮುರುಗಿಸಿ ನೋಡಿದೆ. ಬಿರುಕು ಕಾಣಲಿಲ್ಲ. ಸಿಂಕಿನ ಪಕ್ಕ ಇಟ್ಟು ಸ್ನಾನಕ್ಕೆ ಹೋದೆ. ಬಂದು ಕುತ್ತಿಗೆ ಹಿಡಿದು ಎತ್ತಿದರೆ ಬಾಟಲಿ ಕೈಗೆ ಬಂತು, ಬುಡ ಕಟ್ಟೆಯ ಮೇಲೇ ಉಳಿಯಿತು. ಬಳೆಯಂತೆ ದುಂಡಗೆ ಕತ್ತರಿಸಿಕೊಂಡಿತ್ತು. ಗಾಜು ರಾತ್ರಿಯೇ ಒಡೆದಿತ್ತು. ಒಳಗಿನ ಐಸ್ ಅದನ್ನು ಅಂಟಿನ ಹಾಗೆ ಹಿಡಿದುಕೊಂಡಿತ್ತು, ಅಷ್ಟೇ. ಐಸ್ ಕರಗಿತು, ಹಿಡಿತ ಬಿಟ್ಟಿತು. ಕಾಲಿಗೆ ಬೀಳಲಿಲ್ಲ ಅನ್ನುವುದು ನನ್ನ ಪುಣ್ಯ.

ಆದ್ದರಿಂದ ಬಾಟಲಿ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಗಡ್ಡೆ ಇರುವಾಗ ತೀರ್ಮಾನಿಸಬೇಡಿ. ಪೂರ್ತಿ ಕರಗಲಿ.

ಬಿರುಕು ಕಂಡ ಬಾಟಲಿ ಇದೆಯಲ್ಲ, ಅದರ ಬಗ್ಗೆ ಮಾತೇ ಬೇಡ. ಟವೆಲಿನಲ್ಲಿ ಸುತ್ತಿ, ಹಾಗೇ ಗಟ್ಟಿ ಚೀಲಕ್ಕೆ ಹಾಕಿ, ಮೇಲೆ 'ಗಾಜು' ಅಂತ ಬರೆದು ಕಸದವರಿಗೆ ಬೇರೆಯಾಗಿ ಕೊಡಿ. ಕರಗಿಸಿ ಅರಿವೆಯಲ್ಲಿ ಸೋಸಿ ಕುಡಿಯುವ ಆಸೆ ಬರುತ್ತದೆ, ನನಗೆ ಗೊತ್ತು. ಮುಕ್ಕಾಲು ಲೀಟರ್ ಅಲ್ವಾ. ಆದರೆ ಬಿರುಕಿನಿಂದ ಉದುರುವ ಗಾಜಿನ ಪುಡಿ ಸಕ್ಕರೆ ಕಾಳಿಗಿಂತ ಸಣ್ಣದಿರಬಹುದು. ಮನೆಯ ಅರಿವೆಯನ್ನು ಅದಕ್ಕೆ ನಂಬುವಂತಿಲ್ಲ.

ಉಳಿದ ಎರಡು ಗಾಜಿನ ಬಾಟಲಿ ಫ್ರಿಜ್ಜಿನಲ್ಲೇ ನಿಧಾನ ಕರಗಲಿ. ಒಂದು ದಿನ ಬೇಕು, ಕೆಲವೊಮ್ಮೆ ಒಂದೂವರೆ ದಿನ. ನಲ್ಲಿ ನೀರು, ಬಿಸಿನೀರು ಎರಡೂ ಬೇಡ. ಮೇ ತಿಂಗಳಲ್ಲಿ ಕಲಬುರಗಿಯ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕೇ? ಗಡ್ಡೆಯಾದ ಗಾಜಿನ ಮೇಲೆ ಅದು ಬಿದ್ದರೆ ಚಟ್ ಅಂತ ಸೀಳುತ್ತದೆ. ಕರಗಿದ ಮೇಲೆ ಹೊರಗಿನ ತೇವ ಒರೆಸಿ, ಲೈಟ್ ಆರಿಸಿ, ಬಾಟಲಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕೂದಲಿನಷ್ಟು ಸಣ್ಣ ಬಿರುಕಿದ್ದರೂ ಬೆಳ್ಳಿ ಎಳೆಯ ಹಾಗೆ ಹೊಳೆಯುತ್ತದೆ. ಬುಡದ ಸುತ್ತ ಮತ್ತು ಹೆಗಲಿನ ತಿರುವಿನಲ್ಲಿ ಜಾಸ್ತಿ ಹೊತ್ತು ನೋಡಿ, ಒಡೆಯುವುದು ಅಲ್ಲೇ. ಟ್ರೇಗೂ ಒಮ್ಮೆ ಬೆರಳು ತಾಗಿಸಿ. ಜಿಗುಟು ಅಂಟಿದರೆ ಬೆಲ್ಲದ ನೀರು ಎಲ್ಲಿಂದಲೋ ಸೋರಿದೆ ಅಂತ ಅರ್ಥ.

ಇನ್ನು ಆ ಬಾಟಲಿ ಯಾಕೆ ಒಡೆಯಿತು ಅನ್ನುವ ಲೆಕ್ಕ. ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ನಿಮ್ಮ 750 ಮಿಲಿ ಬಾಟಲಿಯಲ್ಲಿ ಕಂಠದವರೆಗೆ ತುಂಬಿದರೆ 770 ಹಿಡಿಯಬಹುದು. ನೀವು 720 ತುಂಬಿದ್ದೀರಿ ಅಂದುಕೊಳ್ಳೋಣ. ಅದು ಪೂರ್ತಿ ಗಡ್ಡೆಯಾದರೆ 785 ಆಗುತ್ತದೆ. ಜಾಗ ಎಲ್ಲಿದೆ? ಕುತ್ತಿಗೆಯಲ್ಲಿ ಮೊದಲು ಐಸ್ ಕಟ್ಟಿ ಬಿರಡೆಯಾಗಿ ಕೂತರಂತೂ ಕೆಳಗಿನ ನೀರಿಗೆ ಹಿಗ್ಗಲು ದಾರಿಯೇ ಇಲ್ಲ, ಬುಡವನ್ನೇ ಒದೆಯುತ್ತದೆ. ಸಾದಾ ನೀರಿನ ಬಾಟಲಿಗೂ ಇದೇ ಗತಿ. ನಿಮ್ಮದರಲ್ಲಿ ಗ್ಯಾಸ್ ಕೂಡ ಇದೆ. ಐಸಿನ ಹರಳಿನೊಳಗೆ ಗ್ಯಾಸಿಗೆ ಜಾಗವಿಲ್ಲ. ನೀರು ಗಟ್ಟಿಯಾಗುತ್ತಾ ಹೋದ ಹಾಗೆ ಅದು ಕರಗಿಸಿಕೊಂಡಿದ್ದ ಗ್ಯಾಸನ್ನು ಹೊರಗೆ ತಳ್ಳುತ್ತದೆ. ಒಂದು ಕಡೆ ಮೇಲಿನ ಖಾಲಿ ಜಾಗ ಕಿರಿದಾಗುತ್ತಿದೆ, ಇನ್ನೊಂದು ಕಡೆ ಅದೇ ಜಾಗಕ್ಕೆ ಗ್ಯಾಸ್ ಬಂದು ಸೇರುತ್ತಿದೆ. ಮೂರರಲ್ಲಿ ಒಂದೇ ಒಡೆದದ್ದು ಹೆಚ್ಚಿನ ಮಾತು.

ಹಳೆಯ ಗೋಲಿ ಸೋಡಾ ಬಾಟಲಿ ಎತ್ತಿ ನೋಡಿದ್ದೀರಾ? ಖಾಲಿ ಇದ್ದರೂ ಕೈ ಜಗ್ಗುವಷ್ಟು ಭಾರ. ಇಂಗ್ಲೆಂಡಿನ ಹೈರಮ್ ಕಾಡ್ ಅನ್ನುವವರು 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚಬೇಕು, ಆ ಒತ್ತಡಕ್ಕೆ ಗಾಜು ತಾಳಬೇಕು. ಅಷ್ಟು ದಪ್ಪ ಇರುವುದು ಅದಕ್ಕೇ. ಈಗ ಶೋಕಿಗೆ ಸಿಗುವ ಕ್ಲಿಪ್ ಮುಚ್ಚಳದ ಬಾಟಲಿಗಳಲ್ಲಿ ಎಷ್ಟೋ ಎಣ್ಣೆ, ಜ್ಯೂಸ್ ಹಾಕಿಡಲು ಮಾಡಿದವು. ನೋಡಲು ಒಂದೇ ಥರ. ಗ್ಯಾಸಿನ ಕೆಲಸಕ್ಕೆ ಅವು ಹುಟ್ಟಿದವಲ್ಲ. ನಿಮ್ಮ ಉಳಿದ ಎರಡು ಬಾಟಲಿ ಟಾರ್ಚ್ ಪರೀಕ್ಷೆಯಲ್ಲಿ ಪಾಸಾದರೂ ಒಳಗಿನದನ್ನು ಕುಡಿದ ಮೇಲೆ ಅವಕ್ಕೆ ನಿವೃತ್ತಿ ಕೊಡಿ. ನೀರು ತುಂಬಿ ಮನಿಪ್ಲಾಂಟ್ ಇಟ್ಟರೆ ಚೆಂದ ಕಾಣುತ್ತದೆ.

ಈಗ ಬಿಯರಿಗೆ ಬರೋಣ. ಅತ್ತೆಯವರಿಗೆ ಹೇಳಿ, ಐಸ್ ಆದದ್ದರಿಂದ ಅದರಲ್ಲಿ ಹೊಸದಾಗಿ ಯಾವ ವಿಷವೂ ಹುಟ್ಟುವುದಿಲ್ಲ. ಗಾಜು ಸರಿಯಿದ್ದರೆ, ಮುಚ್ಚಳ ಬಿಗಿಯಿದ್ದರೆ, ಕರಗಿದ ಮೇಲೆ ಕುಡಿಯಬಹುದು. ರುಚಿ ಸ್ವಲ್ಪ ಇಳಿದಿರುತ್ತದೆ. ತಳದಲ್ಲಿ ಮೊದಲಿಗಿಂತ ಜಾಸ್ತಿ ಚರಟ ಕಾಣಬಹುದು, ಮೋಡದಂಥ ತುಣುಕು ತೇಲಬಹುದು. ಅದು ಶುಂಠಿಯ ಹಿಟ್ಟಿನಂಶ ಮತ್ತು ಯೀಸ್ಟ್, ಚಳಿಗೆ ಗುಂಪುಗೂಡಿ ಕೆಳಗೆ ಕೂತಿದೆ. ಬಾರ್ಲಿಯ ಬಿಯರಿನಲ್ಲೂ ಹೀಗೆ ಪ್ರೋಟೀನಿನ ಬಿಳಿ ಚೂರು ಕಾಣುತ್ತದೆ. ಎರಡೂ ನಿರಪಾಯ. ಆದರೆ ಮುಚ್ಚಳ ಸಡಿಲಾಗಿ, ಬಾಯಿಯ ಸುತ್ತ ಲೋಳೆ ಅಥವಾ ಬೂಸಲು ಕಂಡರೆ ಅತ್ತೆ ಹೇಳಿದ್ದೇ ಸರಿ.

ಅರ್ಧ ಕರಗಿದಾಗಲೇ ಬಗ್ಗಿಸಿ ಕುಡಿದರೆ ಮಾತ್ರ ಮೋಸ ಹೋಗುತ್ತೀರಿ. ಚಿಕ್ಕವರಿದ್ದಾಗ ಐಸ್‌ಕ್ಯಾಂಡಿ ಚೀಪಿದ್ದು ನೆನಪಿಸಿಕೊಳ್ಳಿ. ಮೊದಲೆರಡು ಸಲ ಚೀಪುವಷ್ಟರಲ್ಲಿ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು, ಕಡ್ಡಿಗೆ ಬೆಳ್ಳಗಿನ ಸಪ್ಪೆ ಐಸ್ ಉಳಿಯುತ್ತಿತ್ತು. ಇಲ್ಲೂ ಅದೇ. ಗಟ್ಟಿಯಾಗುವಾಗ ಬರೀ ನೀರು ಹರಳಾಗುತ್ತದೆ. ಬೆಲ್ಲ, ಲಿಂಬೆಯ ಹುಳಿ, ಶುಂಠಿಯ ಖಾರ, ಇದ್ದಷ್ಟು ಆಲ್ಕೋಹಾಲ್, ಎಲ್ಲ ಪಕ್ಕಕ್ಕೆ ಸರಿದು ಉಳಿದ ದ್ರವದಲ್ಲಿ ಸೇರುತ್ತವೆ. ಕರಗುವಾಗ ಆ ದಟ್ಟ ರಸ ಮೊದಲು ಹರಿಯುತ್ತದೆ. ಮೊದಲ ಗ್ಲಾಸ್ ಪಾಕದ ಹಾಗೆ, ಕೊನೆಯ ಗ್ಲಾಸ್ ತೊಳೆದ ನೀರಿನ ಹಾಗೆ. ಪೂರ್ತಿ ಕರಗಿಸಿ, ಬಾಟಲಿಯನ್ನು ಎರಡು ಸಲ ಮೆಲ್ಲಗೆ ಓರೆ ಮಾಡಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಆಮೇಲೆ ತೆಗೆಯಿರಿ. ಕುಲುಕಬೇಡಿ.

ನಿಮ್ಮ ಮೈದುನನ ಮಾತಿನಲ್ಲಿ ಅರ್ಧ ಸತ್ಯ ಇರುವುದು ಇಲ್ಲೇ. ಆ ದಟ್ಟ ರಸವನ್ನು ಬೇರೆ ಬಗ್ಗಿಸಿಕೊಂಡು ಐಸನ್ನು ಎಸೆದರೆ ಆಲ್ಕೋಹಾಲ್ ಪ್ರಮಾಣ ಏರುತ್ತದೆ. ಜರ್ಮನಿಯಲ್ಲಿ ಐಸ್‌ಬಾಕ್ ಅನ್ನುವ ಬಿಯರನ್ನು ಹೀಗೆ ಮಾಡುತ್ತಾರೆ. ಕುಲ್ಮ್‌ಬಾಕ್ ಊರಿನ ಹುಡುಗನೊಬ್ಬ ಪೀಪಾಯಿಯನ್ನು ಒಳಗೆ ಉರುಳಿಸದೆ ಚಳಿಯಲ್ಲಿ ಬಿಟ್ಟು ಮಲಗಿದ್ದರಿಂದ ಅದು ಹುಟ್ಟಿತು ಅಂತ ಅಲ್ಲಿ ಕತೆ ಹೇಳುತ್ತಾರೆ. ಕತೆ ನಿಜವೋ ಸುಳ್ಳೋ, ಪದ್ಧತಿ ನಿಜ. ಆದರೆ ನಿಮ್ಮ ಐಸ್ ಅದೇ ಬಾಟಲಿಯಲ್ಲೇ ಕರಗುತ್ತದೆ. ಹೋದ ನೀರು ಮತ್ತೆ ಬಂದು ಸೇರಿತು. ಎಷ್ಟಿತ್ತೋ ಅಷ್ಟೇ. ಐಸ್ ಎಸೆದು ದಟ್ಟ ಮಾಡುವ ಪ್ರಯೋಗಕ್ಕೆ ಅವರು ಕೈ ಹಾಕುವುದು ಬೇಡ, ಅದರಲ್ಲಿ ಆಲ್ಕೋಹಾಲ್ ಜೊತೆಗೆ ಬೇಡದ್ದೂ ದಟ್ಟವಾಗುತ್ತದೆ.

ಮಕ್ಕಳಿಗೆ ಕೊಡಬೇಡಿ. ಇದು ಐಸ್ ಆದ ಕಾರಣಕ್ಕೆ ಹೇಳುತ್ತಿಲ್ಲ, ಆಗದಿದ್ದರೂ ಇದನ್ನೇ ಹೇಳುತ್ತಿದ್ದೆ. ಹೆಸರು ಜಿಂಜರ್ ಬಿಯರ್ ಅಂದ ಕೂಡಲೇ ಅಂಗಡಿಯ ಶುಂಠಿ ಸೋಡಾ ನೆನಪಾಗುತ್ತದೆ. ಅಂಗಡಿಯ ಸೋಡಾಕ್ಕೆ ಗ್ಯಾಸನ್ನು ಯಂತ್ರ ತುಂಬುತ್ತದೆ. ನಿಮ್ಮದಕ್ಕೆ ಯೀಸ್ಟ್ ತುಂಬಿದೆ. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಟ್ಟಾಗಲೆಲ್ಲ ಜೊತೆಗೆ ಆಲ್ಕೋಹಾಲನ್ನೂ ಬಿಡುತ್ತದೆ, ಅರ್ಧಕ್ಕರ್ಧ ಪಾಲು. ಲೀಟರಿನಲ್ಲಿ 17 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಡಿಮೆ 1 ಪರ್ಸೆಂಟ್ ಆಲ್ಕೋಹಾಲ್. ನೀವು ಒಂದು ದಿನ ಪಾತ್ರೆಯಲ್ಲಿ, ಇನ್ನೊಂದು ದಿನ ಬಾಟಲಿಯಲ್ಲಿ, ಅದೂ ನಮ್ಮ ಬಿಸಿಲಿಗೆ ಬಿಟ್ಟಿದ್ದೀರಿ. 1 ಪರ್ಸೆಂಟ್ ದಾಟಿದ್ದರೆ ನನಗೆ ಆಶ್ಚರ್ಯ ಇಲ್ಲ. 100 ಗ್ರಾಂ ಬೆಲ್ಲ ಪೂರ್ತಿ ಹುದುಗಿದರೆ 5ರ ಹತ್ತಿರ ಹೋಗುತ್ತದೆ, ಅಂದರೆ ಬಾರಿನಲ್ಲಿ ಸಿಗುವ ಬಿಯರಿನಷ್ಟೇ. ನಮ್ಮ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ 0.5 ಪರ್ಸೆಂಟ್ ದಾಟಿದ ಪಾನೀಯ ಮದ್ಯದ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಗೆ ಅಂತ ರಿಯಾಯಿತಿ ಇಲ್ಲ. ಹಾಗಾಗಿ ಮುಂದೆ ಮಾಡುವಾಗ ಹುದುಗು ಕಡಿಮೆ ಇರಲಿ. ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಬಾರ್ಲಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ತರಿಸಿ ಮನೆಯಲ್ಲೇ ಬಿಯರ್ ಕಾಯಿಸುತ್ತೇನೆ ಅನ್ನುವವರು ಆಗಾಗ ನನ್ನನ್ನು ಕೇಳುತ್ತಾರೆ. ಅವರಿಗೂ ಇದೇ ಉತ್ತರ, ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ.

ಗ್ಯಾಸಿನ ವಿಷಯ. ಮುಚ್ಚಳ ಬಿಗಿಯಾಗಿದ್ದರೆ ಗ್ಯಾಸ್ ಎಲ್ಲೂ ಹೋಗಿಲ್ಲ, ಬಾಟಲಿಯ ತಲೆಯಲ್ಲೇ ಕೂತಿದೆ. ಐಸ್ ಕರಗಿದ ಮೇಲೆ ಅದು ಮತ್ತೆ ನೀರಿಗೆ ಇಳಿಯಬೇಕು. ಅದಕ್ಕೆ ಬೇಕಾದದ್ದು ತಂಪು ಮತ್ತು ಸಮಯ. ಕರಗಿದ ಮೇಲೆ ಇನ್ನೊಂದು ದಿನ ಫ್ರಿಜ್ಜಿನಲ್ಲಿ ಇಟ್ಟರೆ ಬಹುಪಾಲು ಬರುತ್ತದೆ. ಅರ್ಧ ಐಸ್ ಇರುವ ಬಾಟಲಿಯನ್ನು ತೆಗೆದರೆ ಏನಾಗುತ್ತದೆ ಗೊತ್ತಾ? ಐಸಿನ ಒಂದೊಂದು ಚೂಪು ತುದಿಯಲ್ಲೂ ಗುಳ್ಳೆ ಹುಟ್ಟುತ್ತದೆ. ಬುರುಬುರು ಅಂತ ನೊರೆ ಉಕ್ಕಿ ಅರ್ಧ ಬಾಟಲಿ ಗೋಡೆಗೆ.

ನಡುವಿನ ಹಲಗೆಯ ಮೂರು ಪ್ಲಾಸ್ಟಿಕ್ ಬಾಟಲಿಗಳ ಭಯ ನನಗಿಲ್ಲ. ಕೂಲ್‌ಡ್ರಿಂಕ್ ಬಾಟಲಿಯ ಪ್ಲಾಸ್ಟಿಕ್ ಹಿಗ್ಗಿ ಜಾಗ ಕೊಡುತ್ತದೆ. ಬುಡದಲ್ಲಿ ಐದು ಕಾಲಿನ ಹೂವಿನ ಹಾಗೆ ಇರುತ್ತದಲ್ಲ, ಅದು ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದೆ ತೂಗಾಡುತ್ತಿದ್ದರೆ ಅಥವಾ ಮೈಮೇಲೆ ಬೆಳ್ಳಗಿನ ಗೆರೆ ಮೂಡಿದ್ದರೆ ಆ ಬಾಟಲಿಗೆ ಇದೇ ಕೊನೆಯ ಸಲ. ಬಾಗಿಲಿನ ಎರಡನ್ನು ಇವತ್ತೇ ತೆಗೆಯಬಹುದು. ಒಂದು ತಮಾಷೆ ನೋಡಲು ಸಿಕ್ಕರೂ ಸಿಗಬಹುದು. ಕೆಲವೊಮ್ಮೆ ದ್ರವ ಗಡ್ಡೆಯಾಗುವ ಮಟ್ಟಕ್ಕಿಂತ ಕೆಳಗೆ ಇಳಿದೂ ಸುಮ್ನೆ ನೀರಾಗಿಯೇ ಇರುತ್ತದೆ. ಮುಚ್ಚಳ ತಿರುವಿದಾಗ ಗುಳ್ಳೆ ಏಳುತ್ತದೆ, ಆ ಕ್ಷಣಕ್ಕೆ ಮೇಲಿನಿಂದ ಕೆಳಗೆ ಬೆಳ್ಳಗೆ ಐಸ್ ಹಬ್ಬುತ್ತದೆ. ಎರಡು ಸೆಕೆಂಡಿನ ಆಟ. ಹೆದರಿ ಕೈಬಿಡಬೇಡಿ ಅಂತ ಮೊದಲೇ ಹೇಳಿದ್ದು.

ಕರಗಿದ ಬಾಟಲಿಗಳನ್ನು ಯಾವ ಕಾರಣಕ್ಕೂ ಹೊರಗೆ ಇಟ್ಟು ಮರೆಯಬೇಡಿ. ಐಸ್ ಆಗುವಾಗ ಎಷ್ಟು ಅಪಾಯವೋ ಕರಗಿದ ಮೇಲೆ ಅದಕ್ಕಿಂತ ಜಾಸ್ತಿ. ಬಹಳ ಜನ ತಪ್ಪುವುದು ಇಲ್ಲೇ. 'ಐಸ್ ಆಗಿತ್ತಲ್ಲ, ಯೀಸ್ಟ್ ಎಲ್ಲ ಸತ್ತಿರುತ್ತೆ' ಅಂದುಕೊಳ್ಳುತ್ತಾರೆ. ಸತ್ತಿರುತ್ತದೆ, ಎಲ್ಲ ಅಲ್ಲ. ಮನೆಯ ಫ್ರಿಜ್ಜಿನಲ್ಲಿ ನಿಧಾನ ಗಡ್ಡೆಯಾಗುವಾಗ ಹರಳುಗಳು ದೊಡ್ಡದಾಗಿ ಬೆಳೆದು ಯೀಸ್ಟಿನ ಕೋಶಗಳನ್ನು ಹರಿಯುತ್ತವೆ. ಆದರೂ ಒಂದು ಪಾಲು ಬದುಕುತ್ತದೆ. ಅವುಗಳ ಮುಂದೆ ಲೀಟರಿಗೆ 60–70 ಗ್ರಾಂ ಬೆಲ್ಲ ಇನ್ನೂ ಬಾಕಿ ಇರಬಹುದು. ಬೆಚ್ಚಗಾದ ಕೂಡಲೇ ಮತ್ತೆ ಶುರು.

ಎಷ್ಟು ಬೆಲ್ಲ ಎಷ್ಟು ಗ್ಯಾಸ್ ಅಂತ ಒಂದು ಸಣ್ಣ ಲೆಕ್ಕ ಕೇಳಿ. ಒಂದು ಲೀಟರ್ ಪಾನೀಯಕ್ಕೆ ಒಂದು ಲೀಟರ್ ಗ್ಯಾಸ್ ಹಿಡಿಸಲು ಸುಮಾರು 4 ಗ್ರಾಂ ಸಕ್ಕರೆ ಸಾಕು. ಚೆನ್ನಾಗಿ ಗ್ಯಾಸ್ ಇರುವ ಬಿಯರಿಗೆ ಎರಡೂವರೆ ಲೀಟರ್ ಗ್ಯಾಸ್ ಬೇಕು, ಅಂದರೆ 10 ಗ್ರಾಂ. ನೀವು ಹಾಕಿದ್ದು 100. ಉಳಿದದ್ದು ಸಿಹಿಗೆ ಅಂತ ನೀವು ಹಾಕಿದ್ದೀರಿ, ಯೀಸ್ಟಿಗೆ ಅದು ಗೊತ್ತಿಲ್ಲವಲ್ಲ. ಅದನ್ನು ತಡೆದು ಹಿಡಿದಿರುವುದು ಫ್ರಿಜ್ಜಿನ ತಂಪು ಮಾತ್ರ.

ಇನ್ನು ಒತ್ತಡ. ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಹೇಳುತ್ತೇನೆ. ಬೈಕಿನ ಟೈರಿಗೆ 30ರ ಆಸುಪಾಸು ಗಾಳಿ ಹಾಕಿಸುತ್ತೀರಿ. ಅದೇ ಅಳತೆಯಲ್ಲಿ, ಎರಡೂವರೆ ಪಟ್ಟು ಗ್ಯಾಸ್ ಇರುವ ಬಾಟಲಿ 4 ಡಿಗ್ರಿಯಲ್ಲಿ 10ರಷ್ಟು ಒತ್ತುತ್ತದೆ. 20 ಡಿಗ್ರಿಗೆ ಬಂದರೆ 27. ಕಲಬುರಗಿಯ ಮಧ್ಯಾಹ್ನದ 40 ಡಿಗ್ರಿಗೆ ಬಂದರೆ 50 ದಾಟುತ್ತದೆ. ಇದು ಹೊಸದಾಗಿ ಏನೂ ಹುದುಗದೆ, ಬರೀ ಬಿಸಿಗೆ. ಒಂದು ಸಲ ಗಡ್ಡೆಯಾಗಿ ಒಳಗೊಳಗೇ ಸೀಳಿರಬಹುದಾದ ಗಾಜು, ಮೇಲೆ 50ರ ಒತ್ತಡ, ಒಳಗೆ ಮತ್ತೆ ಎದ್ದು ಕೂತ ಯೀಸ್ಟ್. ಇದನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳುವ ವಸ್ತು ಅಂತ ನಾನು ಹೇಳಲಾರೆ. ತೆಗೆಯುವಾಗಲೂ ತಣ್ಣಗಿರುವಾಗಲೇ ತೆಗೆಯಿರಿ. ಸಿಂಕಿನಲ್ಲಿಟ್ಟು, ಮೇಲೆ ಟವೆಲ್ ಹೊದಿಸಿ, ಮುಖ ಆಚೆ ತಿರುಗಿಸಿ.

ಗ್ಯಾಸ್ ನಿಜವಾಗಿಯೂ ಹೋಗಿ ಸಪ್ಪೆಯಾಗಿದ್ದರೆ ಮತ್ತೆ ತರಿಸಬಹುದು. ಸಪ್ಪೆಯಾದದ್ದನ್ನು ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ, ಲೀಟರಿಗೆ ಏಳೆಂಟು ಕಾಳಿನಷ್ಟು ಯೀಸ್ಟ್ ಹಾಕಿ. ಹೌದು, ಕಾಳು ಎಣಿಸಿದರೂ ನಡೆಯುತ್ತದೆ. ಬೆಲ್ಲ ಹಾಕಬೇಡಿ, ಒಳಗೆ ಬೇಕಾದಷ್ಟಿದೆ. ಮುಚ್ಚಿ ಹೊರಗಿಟ್ಟು ಮೂರು ಗಂಟೆಗೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಹೊಸ ಕೂಲ್‌ಡ್ರಿಂಕ್ ಬಾಟಲಿಯಷ್ಟು ಬಿಗಿಯಾದ ತಕ್ಷಣ ಫ್ರಿಜ್ಜಿಗೆ. ಈ ಬಿಸಿಲಿಗೆ ಅರ್ಧ ದಿನವೂ ಬೇಕಾಗಲಿಕ್ಕಿಲ್ಲ. ನಿಜ ಹೇಳಬೇಕೆಂದರೆ ನಾನಾಗಿದ್ದರೆ ಇಷ್ಟೆಲ್ಲ ಮಾಡುತ್ತಿರಲಿಲ್ಲ. ಸಪ್ಪೆಯಾದದ್ದಕ್ಕೆ ಅಂಗಡಿಯ ಸೋಡಾ ಅರ್ಧ ಬೆರೆಸಿ, ಇನ್ನಷ್ಟು ಲಿಂಬೆ ಹಿಂಡಿ ಕುಡಿದು ಮುಗಿಸುತ್ತಿದ್ದೆ.

ಈಗ ಫ್ರಿಜ್ ಯಾಕೆ ಹೀಗೆ ಮಾಡಿತು? ಅದರ ತಪ್ಪಿಲ್ಲ. ನಾಬಿನ ಮೇಲಿನ ಅಂಕಿಯನ್ನು ನಾವು ಫ್ಯಾನಿನ ರೆಗ್ಯುಲೇಟರ್ ಹಾಗೆ ನೋಡುತ್ತೇವೆ, ಬಿಸಿಲು ಜಾಸ್ತಿ ಆದರೆ ತಿರುವು ಅಂತ. ಆದರೆ 7 ಅಂದರೆ 'ಬೇಗ ತಂಪು ಮಾಡು' ಅಂತ ಅಲ್ಲ, 'ತುಂಬಾ ತಂಪಾಗುವವರೆಗೆ ಕಂಪ್ರೆಸರ್ ನಿಲ್ಲಿಸಬೇಡ' ಅಂತ. ಹಗಲು 42–43 ಡಿಗ್ರಿ, ಗಳಿಗೆಗೊಮ್ಮೆ ಬಾಗಿಲು ತೆಗೆದು ನೀರಿನ ಬಾಟಲಿ ಇಡುವುದು, ತೆಗೆಯುವುದು, ಬಿಸಿ ಸಾರು ತಂದು ಇಡುವುದು. ಆಗ 7ಕ್ಕೆ ಇಟ್ಟರೂ ಅದು ಆ ತಂಪು ಮುಟ್ಟುವುದೇ ಇಲ್ಲ, ಓಡುತ್ತಲೇ ಇರುತ್ತದೆ. ನೀವು ಊರಿಗೆ ಹೋದಿರಿ. ತರಕಾರಿ ಖಾಲಿ. ಎರಡು ದಿನ ಬಾಗಿಲು ತೆಗೆದವರಿಲ್ಲ. ರಾತ್ರಿ ಹೊರಗೂ ಸ್ವಲ್ಪ ತಣ್ಣಗಾಯಿತು. ಅದಕ್ಕೆ ಕೊನೆಗೂ ಹೇಳಿದ ಕೆಲಸ ಮಾಡಲು ಪುರುಸೊತ್ತು ಸಿಕ್ಕಿತು. ನಮ್ಮ ಬೀದರಿನಲ್ಲಿ ಇದೇ ಆಟ ಡಿಸೆಂಬರಿನಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ತಿರುವಿದ ನಾಬ್ ಮರೆತುಹೋಗಿರುತ್ತದೆ, ಬೆಳಿಗ್ಗೆ ನೋಡಿದರೆ ಪಾಲಕ್ ಎಲೆ ಗಾಜಿನ ಹಾಗೆ ಮುರಿಯುತ್ತದೆ.

ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಮೇಲಿನ ಫ್ರೀಜರ್ ಡಬ್ಬಿಯಲ್ಲಿ. ತಣ್ಣನೆ ಗಾಳಿ ಭಾರ, ಅಲ್ಲಿಂದ ಕೆಳಗೆ ಇಳಿಯುತ್ತದೆ. ಅದರ ಕೆಳಗಿನ ಟ್ರೇ ಎಲ್ಲಕ್ಕಿಂತ ತಣ್ಣಗೆ, ಬಾಗಿಲು ಎಲ್ಲಕ್ಕಿಂತ ಬೆಚ್ಚಗೆ. ನಿಮ್ಮ ಎಂಟು ಬಾಟಲಿಗಳು ಅದೇ ಕ್ರಮದಲ್ಲಿ ಗಡ್ಡೆಯಾಗಿವೆ ನೋಡಿ: ಟ್ರೇಯಲ್ಲಿ ಕಲ್ಲು, ನಡುವೆ ಅರ್ಧ, ಬಾಗಿಲಲ್ಲಿ ನೀರು. ಎರಡು ಬಾಗಿಲಿನ ಫ್ರಿಜ್ ಇದ್ದವರು ಹಿಂದಿನ ಗೋಡೆಯಲ್ಲಿ ಗಾಳಿ ಬರುವ ಕಿಂಡಿಯ ಮುಂದೆ ಬಾಟಲಿ ಇಡಬಾರದು. ನಿಮ್ಮ ಪಾನೀಯ ಮೈನಸ್ 1ರ ಹತ್ತಿರವೇ ಗಡ್ಡೆ ಕಟ್ಟಲು ಶುರು ಮಾಡುತ್ತದೆ. 5 ಪರ್ಸೆಂಟಿನ ಬಾರ್ಲಿ ಬಿಯರ್ ಮೈನಸ್ 2ರವರೆಗೆ ತಡೆಯುತ್ತದೆ. 40 ಪರ್ಸೆಂಟಿನ ರಮ್ಮು, ವಿಸ್ಕಿ ಫ್ರೀಜರಿನಲ್ಲಿಟ್ಟರೂ ಗಡ್ಡೆಯಾಗುವುದಿಲ್ಲ. ಅದನ್ನು ನೋಡಿ ಬಿಯರಿಗೂ ಏನೂ ಆಗುವುದಿಲ್ಲ ಅಂತ ಫ್ರೀಜರಿಗೆ ತುರುಕಿ ಮಲಗಿದವರು ನಮ್ಮ ಬಳಗದಲ್ಲೇ ಇದ್ದಾರೆ.

ಬೇಸಿಗೆಯಲ್ಲಿ ಫ್ರಿಜ್ ಸಾಲುತ್ತಿಲ್ಲ ಅನ್ನಿಸಿದರೆ ನಾಬ್ ಮುಟ್ಟುವ ಮೊದಲು ಹಿಂದೆ ಹೋಗಿ ನೋಡಿ. ಕಪ್ಪು ಜಾಲರಿಯಂಥ ಕಾಯಿಲ್ ಇದ್ದರೆ ಅದಕ್ಕೆ ಮೆತ್ತಿದ ಧೂಳನ್ನು ಪ್ಲಗ್ ತೆಗೆದು ಬ್ರಷ್‌ನಿಂದ ಝಾಡಿಸಿ. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ 4 ಸಾಕಾಗುತ್ತದೆ. ಊರಿಗೆ ಹೊರಟಾಗ 2ಕ್ಕೆ ಇಳಿಸಿ.

ಮುಂದಿನ ಸಲ ಮಾಡುವಾಗ ಪಾತ್ರೆಯಲ್ಲಿ ಒಂದು ದಿನ ಇಡುವುದನ್ನು ಬಿಡಿ. ಹಸಿಶುಂಠಿಯನ್ನು, ಅಂದರೆ ನಮ್ಮ ಭಾಷೆಯ ಅಲ್ಲವನ್ನು, ಜಜ್ಜಿ ಬೆಲ್ಲದ ಜೊತೆ ಕುದಿಸಿ. ಬೀದರ್ ಕಡೆಯದ್ದು ಸಿಕ್ಕರೆ ಬಿಡಬೇಡಿ, ಬೆಲ್ಲಕ್ಕೂ ದೂರ ಹೋಗಬೇಕಿಲ್ಲ. ಪೂರ್ತಿ ಆರಿದ ಮೇಲೆ ಲಿಂಬೆ, ಯೀಸ್ಟ್ ಹಾಕಿ ನೇರ ಬಾಟಲಿಗೆ ತುಂಬಿ. ಎಲ್ಲವೂ ಪ್ಲಾಸ್ಟಿಕ್ ಬಾಟಲಿ ಇರಲಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಬಾಟಲಿ ಬಿಗಿಯಾದ ಕೂಡಲೇ ಫ್ರಿಜ್ಜಿಗೆ ಹೋದರೆ ಗ್ಯಾಸಿಗೆ ಬೇಕಾದ ಆ 10 ಗ್ರಾಂ ಮಾತ್ರ ಹುದುಗಿರುತ್ತದೆ, ಆಲ್ಕೋಹಾಲ್ ಅರ್ಧ ಪರ್ಸೆಂಟಿನ ಅಕ್ಕಪಕ್ಕ. ಅಕ್ಕಪಕ್ಕ ಅಂದೆ, ಅದಕ್ಕಿಂತ ಕೆಳಗೇ ಇರುತ್ತದೆ ಅಂತ ಮನೆಯಲ್ಲಿ ಅಳೆದು ಹೇಳಲಾಗದು. ಆದ್ದರಿಂದ ಮಕ್ಕಳಿಗೆ ಅದೇ ಶುಂಠಿ-ಬೆಲ್ಲದ ಪಾಕವನ್ನು ಯೀಸ್ಟ್ ಹಾಕುವ ಮೊದಲೇ ಒಂದು ಚೊಂಬು ಎತ್ತಿಟ್ಟು, ಸೋಡಾ ಬೆರೆಸಿ ಕೊಡಿ. ಅವರಿಗೆ ವ್ಯತ್ಯಾಸವೂ ತಿಳಿಯುವುದಿಲ್ಲ. ನಾಲ್ಕೈದು ದಿನದಲ್ಲಿ ಕುಡಿದು ಮುಗಿಸಿ, ಫ್ರಿಜ್ಜಿನಲ್ಲೂ ಹುದುಗು ನಿಧಾನವಾಗಿ ನಡೆದೇ ಇರುತ್ತದೆ.

ಬಾಟಲಿ ಒಳಗಿಡುವ ಹಿಂದಿನ ರಾತ್ರಿ ಆ ಟ್ರೇಯಲ್ಲಿ ಒಂದು ಸ್ಟೀಲ್ ಲೋಟ ನೀರು ಇಟ್ಟು ಮಲಗಿ. ಬೆಳಿಗ್ಗೆ ಮೇಲೆ ಕೆನೆಯಷ್ಟು ತೆಳ್ಳಗೆ ಐಸ್ ಕಟ್ಟಿದ್ದರೂ ನಾಬನ್ನು ಎರಡು ಅಂಕಿ ಇಳಿಸಿ, ಲೋಟವನ್ನು ಇನ್ನೊಂದು ರಾತ್ರಿ ಅಲ್ಲೇ ಬಿಡಿ.